ಗಾಡಿ ಹೇಗಿದೆ?

ಗುಜರಾತಿನಲ್ಲಿ ‘ಗಾಡಿ’ ಅಂದರೆ ಕಾರು. ಅಹಮದಾಬಾದಿಗೆ ಬಂದು ಎಂಟು ವರ್ಷವಾಗಿದ್ದರೂ 2006ರ ಒಂದು ಸಂಜೆ ನಾನು ಇದನ್ನು ಮರೆತೇಬಿಟ್ಟಿದ್ದೆ. ನವರಂಗಪುರದ ನಮ್ಮ ಸೊಸೈಟಿಯ ಗೇಟಿನ ಹತ್ತಿರ ನಿಂತು, “ಮೈಸೂರಿಂದ ನನ್ನ ಗಾಡಿ ರೈಲಿನಲ್ಲಿ ಬರ್ತಾ ಇದೆ” ಅಂತ ಖುಷಿಯಿಂದ ಹೇಳಿಕೊಂಡೆ. ವಾಚ್‌ಮನ್ ಪಾಪ, ಇಬ್ಬರ ಸ್ಕೂಟರ್ ಸರಿಸಿ ಒಂದು ಕಾರು ನಿಲ್ಲುವಷ್ಟು ಜಾಗ ಮಾಡಿಕೊಟ್ಟ. ಮಾರನೆಯ ದಿನ ಟೆಂಪೋದಿಂದ ಇಳಿದದ್ದು ಗೋಣಿಚೀಲ ಸುತ್ತಿ, ಹಗ್ಗ ಬಿಗಿದ ಒಂದು ಮುದಿ ಮೋಟಾರ್‌ಸೈಕಲ್ಲು. ಪೆಟ್ರೋಲು ಪೂರ್ತಿ ಬಸಿದು ಕಳಿಸಿದ್ದರಿಂದ ಅದನ್ನು ತಳ್ಳಿಕೊಂಡೇ ಒಳಗೆ ತರಬೇಕಾಯಿತು. ಎದುರು ಮನೆಯ ಕಾಕಾ ಕನ್ನಡಕ ಸರಿಮಾಡಿಕೊಂಡು ನೋಡಿ, “ಆ ಬುಲೆಟ್ ನಥಿ?” ಅಂದರು. ಇದು ಬುಲೆಟ್ ಅಲ್ಲವಾ ಅಂತ.

ಅಲ್ಲ ಕಾಕಾ, ಇದು ಯೆಜ್ಡಿ ರೋಡ್‌ಕಿಂಗ್. ನಮ್ಮ ಮೈಸೂರಿನದು.

ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬರಲು ಶುರುವಾಯಿತು. 1973ರಿಂದ ಅದರ ಹೆಸರು ಯೆಜ್ಡಿ. 1978ರಲ್ಲಿ ಬಂದ ರೋಡ್‌ಕಿಂಗ್ ಆ ಮನೆತನದ ಹಿರಿಯ ಮಗ ಇದ್ದ ಹಾಗೆ. ನಮ್ಮಪ್ಪ ಅದನ್ನು ಕೊಂಡದ್ದು 1984ರಲ್ಲಿ. ಆ ಕಾಲಕ್ಕೆ ಓಟದ ಗಾಡಿ ಬೇರೆ, ಪ್ರಯಾಣದ ಗಾಡಿ ಬೇರೆ ಅನ್ನುವ ಭೇದ ನಮಗೆಲ್ಲಿತ್ತು? ಪಡ್ಡೆ ಹುಡುಗರು ಇದೇ ಗಾಡಿಯಲ್ಲಿ ಮಣ್ಣು ದಿಬ್ಬ ಹಾರಿಸಿ ರೇಸು ಮಾಡುತ್ತಿದ್ದರು. ಅಪ್ಪ ಇದೇ ಗಾಡಿಯಲ್ಲಿ ಮುಂದೆ ನನ್ನನ್ನು, ಹಿಂದೆ ಅಮ್ಮನನ್ನು, ಅಮ್ಮನ ತೊಡೆಯ ಮೇಲೆ ಪುಳಿಯೋಗರೆ ಡಬ್ಬಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗುತ್ತಿದ್ದರು. ಒಮ್ಮೆ ಊಟಿಗೂ ಹೋಗಿದ್ದುಂಟು.

1996ರಲ್ಲಿ ಕಾರ್ಖಾನೆ ಮುಚ್ಚಿತು. ಅದಾಗಿ ಎರಡು ವರ್ಷಕ್ಕೆ ನಾನು ಕೆಲಸ ಹುಡುಕಿಕೊಂಡು ಊರು ಬಿಟ್ಟೆ. ಅಪ್ಪನ ಕಣ್ಣು ಮಂಜಾದ ಮೇಲೆ ಗಾಡಿಯೂ ನನ್ನ ಹಿಂದೆ ಬಂತು.

ಪರಊರಿನಲ್ಲಿ ಹಳೇ ಗಾಡಿ ಸಾಕುವುದೆಂದರೆ ಸುಮ್ಮನೆ ಅಲ್ಲ ನೋಡಿ. ಮೊದಲು ನಂಬರ್ ಪ್ಲೇಟು ಹೋಯಿತು. ಮೈಸೂರಿನ ನಂಬರು ಅಳಿಸಿ ಜಿಜೆ-1 ಬರೆಸಿದ ದಿನ ಯಾಕೋ ನನ್ನದೇ ಹೆಸರು ಬದಲಾಯಿಸಿದಷ್ಟು ಬೇಜಾರಾಗಿತ್ತು. ಆಮೇಲೆ ಆಯಿಲ್ಲಿನ ಪಾಡು. ಇದು ಟೂ-ಸ್ಟ್ರೋಕ್, ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಸಿ.ಜಿ. ರೋಡಿನ ಬಂಕಿನ ಹೊಸ ಹುಡುಗರಿಗೆ ಇದು ಗೊತ್ತೇ ಇಲ್ಲ. ನಾನು ಚೀಲದಿಂದ ಬಾಟ್ಲಿ ತೆಗೆದು ಟ್ಯಾಂಕಿಗೆ ಸುರಿಯುವುದನ್ನು ನೋಡಿ ಒಬ್ಬ ಗಾಬರಿಯಿಂದ ಕೈ ಹಿಡಿದುಕೊಂಡಿದ್ದ. ಕೊನೆಗೆ ಗಾಂಧಿ ಬ್ರಿಡ್ಜ್ ದಾಟಿ ಹಳೇ ಊರಿನ ಶಾಹಪುರದ ಕಡೆ ಒಬ್ಬ ಉಸ್ತಾದ್ ಸಿಕ್ಕರು. ಶಬ್ದ ಕೇಳಿಯೇ, “ಪಾಯಿಂಟ್ ಅಂತರ ಜಾಸ್ತಿಯಾಗಿದೆ” ಅಂದರು. ಬಿಡಿಭಾಗಗಳನ್ನು ತಮ್ಮ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿ ಕೊರಿಯರ್ ಮಾಡುತ್ತಿದ್ದ. ಅದರ ಜೊತೆ ಅಮ್ಮ ಒಂದು ಪೊಟ್ಟಣ ಸಾರಿನ ಪುಡಿ ಇಟ್ಟಿರುತ್ತಿದ್ದರು. ನಮ್ಮನೆಯಲ್ಲಿ ವರ್ಷಗಟ್ಟಲೆ ಕ್ಲಚ್ ಪ್ಲೇಟಿಗೆ ಇಂಗಿನ ವಾಸನೆ.

ಅಪ್ಪ ಪ್ರತಿ ಭಾನುವಾರ ಫೋನು ಮಾಡೋರು. “ಹಲೋ” ಆದ ಮೇಲೆ ಅವರ ಮೊದಲ ಮಾತು, “ಗಾಡಿ ಹೇಗಿದೆ?” ನಾನು, ಸೊಸೆ, ಮೊಮ್ಮಗ ಎಲ್ಲಾ ಆಮೇಲೆ.

ಅವರಿಗೆ ನಾನು ಒಂದು ವಿಷಯ ಮಾತ್ರ ಸರಿಯಾಗಿ ಹೇಳಲಿಲ್ಲ. 2011ರ ಆಗಸ್ಟ್, ಜೋರು ಮಳೆ ಬಂದು ನಿಂತಿತ್ತು. ನಮ್ಮನೆಯವಳನ್ನು ಹಿಂದೆ ಕೂರಿಸಿಕೊಂಡು ವಿಜಯ್ ಚಾರ್ ರಸ್ತಾ ಕಡೆಯಿಂದ ಬರುತ್ತಿದ್ದೆ. ಮುಂದೆ ಒಂದು ಒಂಟೆಗಾಡಿ ಅಡ್ಡ ತಿರುಗಿತು. ಬ್ರೇಕು ಒತ್ತಿದೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಬಿದ್ದೆವು. ನನಗೆ ಮೊಣಕಾಲು ತರಚಿತು, ಅಷ್ಟೆ. ಅವಳ ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರು. ಅಪ್ಪನಿಗೆ “ಗಾಡಿ ಚೆನ್ನಾಗಿದೆ” ಅಂದೆ. ಬೇರೆಯವರಿಗೆಲ್ಲ ಮಳೆಯನ್ನೂ ಒಂಟೆಯನ್ನೂ ಬೈದು ಕತೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ಆದರೆ ಅಲ್ಲಿಂದಾಚೆಗೆ ಆ ಸೀಟಿನ ಮೇಲೆ ಕೂರಲಿಲ್ಲ.

2016ರಲ್ಲಿ ಅಪ್ಪ ಹೋದರು. ಭಾನುವಾರದ ಫೋನು ನಿಂತಿತು.

ಮಗ ದೊಡ್ಡವನಾದ. 2021ರ ಕೊನೆಯಲ್ಲಿ ಯಮಹಾ ಆರ್15 ತಂದ. ನೀಲಿ ಬಣ್ಣ, ಬೇಟೆಗೆ ಹೊಂಚು ಹಾಕಿದ ಬೆಕ್ಕಿನ ಭಂಗಿ. ಪಾರ್ಕಿಂಗಿನಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, “ಅಪ್ಪಾ, ನಿಮ್ಮದನ್ನ ಮ್ಯೂಸಿಯಂಗೆ ಕೊಟ್ಬಿಡಿ” ಅಂದ.

ನನಗೂ ರೇಗಿತು. ಕಾಗದ ಪೆನ್ನು ತೆಗೆದುಕೊಂಡು ಕೂತೆವು. ನನ್ನದು 250 ಸಿಸಿ, ಅವನದು 155. ನನ್ನದು 16 ಹಾರ್ಸ್‌ಪವರ್, ಅವನದು 18ರ ಆಸುಪಾಸು. ತೂಕ ಎರಡೂ 140 ಕಿಲೋ ಹತ್ತಿರ. “ನೋಡು, 43 ವರ್ಷದಲ್ಲಿ ನಿಮ್ಮವರು ಕೂಡಿಸಿದ್ದು ಎರಡೇ ಕುದುರೆ!” ಅಂತ ನಾನು ಗೆದ್ದವನ ಹಾಗೆ ನಕ್ಕೆ. ಅವನು ಸಮಾಧಾನವಾಗಿ ಹೇಳಿದ: “ಅಷ್ಟು ಶಕ್ತೀನ ನಿಮ್ಮ ಇಂಜಿನ್ನಿನ ಮುಕ್ಕಾಲು ಗಾತ್ರಕ್ಕಿಂತ ಕಮ್ಮಿ ಜಾಗದಲ್ಲಿ ತೆಗೀತಾರಪ್ಪಾ. ಹೊಗೆ ಇಲ್ಲದೆ. ಲೀಟರಿಗೆ ನಲವತ್ತರ ಮೇಲೆ ಕೊಡತ್ತೆ. ನಿಮ್ಮದು ಎಷ್ಟು?” ನನ್ನದು ಇಪ್ಪತ್ತೈದು ಕೊಟ್ಟರೆ ಅವತ್ತು ಹಬ್ಬ. ನಾನು ಕಾಗದ ಮಡಚಿಟ್ಟೆ.

ಬಾಯಿಮಾತಿನಲ್ಲಿ ಇದು ಮುಗಿಯುವುದಿಲ್ಲ ಅಂತ ಮಾರನೆಯ ವರ್ಷ ಜುಲೈನ ಒಂದು ಭಾನುವಾರ ಇಬ್ಬರೂ ವಡೋದರಾಕ್ಕೆ ಹೊರಟೆವು. ಎಕ್ಸ್‌ಪ್ರೆಸ್ ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಖೇಡಾ, ನಡಿಯಾದ್, ಆಣಂದ್ ಮೇಲಿನ ಹಳೇ ಹೆದ್ದಾರಿಯೇ ಗತಿ. ಅದಕ್ಕೀಗ 48ನೇ ನಂಬರು. ಇದೇ ರಸ್ತೆ ವಡೋದರಾ, ಸೂರತ್, ಮುಂಬಯಿ, ಪುಣೆ ದಾಟಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಊರಿನ ನೆನಪು ಜಾಸ್ತಿಯಾದಾಗ ಈ ರಸ್ತೆಗೆ ಬಂದು ಒಂದು ಟೀ ಕುಡಿದು ವಾಪಸ್ ಹೋಗುವ ಅಭ್ಯಾಸ ನನಗಿದೆ.

ನಡಿಯಾದಿನ ಹತ್ತಿರ ಗಾಡಿ ಬದಲಾಯಿಸಿಕೊಂಡೆವು. ಮೊದಲು ಅವನಿಗೆ ಸ್ಟಾರ್ಟ್ ಮಾಡುವುದನ್ನು ಹೇಳಿಕೊಡಬೇಕಾಯಿತು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಎಡಗಾಲಿನ ಆ ಗೇರ್ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಆರನೆಯ ಒದೆತಕ್ಕೆ ಎರಡೂ ಸೈಲೆನ್ಸರಿನಿಂದ ಹೊಗೆ ಬಂದು, ಆ ಪರಿಚಿತ ‘ಡುಬ್ ಡುಬ್’ ಶುರುವಾಯಿತು. ಟೀ ಅಂಗಡಿಯ ಮುದುಕರೊಬ್ಬರು ಎದ್ದು ಬಂದು ಟ್ಯಾಂಕ್ ಸವರಿದರು. ಅವರ ಅಣ್ಣನ ಹತ್ತಿರ ಒಂದು ಇತ್ತಂತೆ. ಆರ್15 ಕಡೆಗೆ ಅವರು ತಿರುಗಿಯೂ ನೋಡಲಿಲ್ಲ. ನನಗೆ ಒಳಗೊಳಗೇ ಖುಷಿ.

ಆ ಖುಷಿ ಹತ್ತು ಕಿಲೋಮೀಟರ್ ಕೂಡ ಉಳಿಯಲಿಲ್ಲ.

ಆರ್15 ಮೇಲೆ ಕೂತರೆ ಸೊಂಟ ಬಗ್ಗಿ ಭಾರವೆಲ್ಲ ಮಣಿಕಟ್ಟಿನ ಮೇಲೆ. ಐವತ್ತರ ಶರೀರಕ್ಕೆ ಅದು ಸಾಷ್ಟಾಂಗ ನಮಸ್ಕಾರವೇ. ಹಿಂದಿನ ಸೀಟು ಅನ್ನುವುದು ಎತ್ತರದ ಮೇಲೆ ಇಟ್ಟ ಒಂದು ಸಣ್ಣ ಮಣೆ. ಪುಳಿಯೋಗರೆ ಡಬ್ಬಿ ಹಿಡಿದ ಹೆಂಗಸು ಕೂರುವ ಜಾಗ ಅಲ್ಲ ಅದು. ಆದರೆ ಇಂಜಿನ್ನು! ಆರು ಗೇರು ಬೆಣ್ಣೆಯ ಹಾಗೆ ಬೀಳುತ್ತವೆ. ನನ್ನ ಯೆಜ್ಡಿ ಎಂಬತ್ತಕ್ಕೆ ಕೈಕಾಲು ಜುಮ್ಮೆನ್ನಿಸುತ್ತೆ, ಇದು ಎಂಬತ್ತಕ್ಕೆ ಇನ್ನೂ ಆಕಳಿಸುತ್ತಿತ್ತು.

ಸಣ್ಣಗೆ ಮಳೆ ಹನಿಯುತ್ತಿತ್ತು. ಆಣಂದ್ ಇನ್ನೂ ದೂರವಿತ್ತು. ಡಿವೈಡರಿನ ಸಂದಿಯಿಂದ ಒಂದು ಎಮ್ಮೆ ನುಗ್ಗಿತು. ಯೋಚನೆಯೇ ಇಲ್ಲದೆ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದೆ. ಬಿದ್ದೆ ಅಂತಲೇ ಅಂದುಕೊಂಡೆ. ಬೀಳಲಿಲ್ಲ. ಬ್ರೇಕಿನ ಲಿವರ್ ಬೆರಳ ಕೆಳಗೆ ಟಕಟಕ ಅಂತ ಮಿಡಿಯಿತು, ಚಕ್ರ ಜಾಮ್ ಆಗಲಿಲ್ಲ, ಗಾಡಿ ನೆಟ್ಟಗೆ ಹೋಗಿ ಎಮ್ಮೆಗಿಂತ ಎರಡು ಮಾರು ಈಚೆ ನಿಂತಿತು. ಎಮ್ಮೆ ನನ್ನನ್ನು ನೋಡಿ, ಮೆಲುಕು ಹಾಕುತ್ತಾ ಹೋಯಿತು.

ಎಬಿಎಸ್ ಅನ್ನುವುದು ಇಷ್ಟೇ. ಬ್ರೇಕು ಹಿಡಿದಾಗ ಚಕ್ರ ಉರುಳುವುದು ನಿಲ್ಲುತ್ತಿದೆ ಅಂತ ಸೆನ್ಸರಿಗೆ ಗೊತ್ತಾದರೆ, ಕಣ್ಣು ಮಿಟುಕಿಸುವುದರೊಳಗೆ ಬ್ರೇಕನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿ ಮೇಲಿನ ಹೊಸ ಮೋಟಾರ್‌ಸೈಕಲ್ಲುಗಳಿಗೆಲ್ಲ ಅದು ಕಡ್ಡಾಯ. ಇದನ್ನು ನಾನು ಪೇಪರಿನಲ್ಲಿ ಓದಿದ್ದೆ. ಬೆರಳಿಗೆ ಗೊತ್ತಾಗಿದ್ದು ಅವತ್ತು. ಡ್ರಮ್ ಬ್ರೇಕಿನ ನನ್ನ ಗಾಡಿಯಲ್ಲಿ ಆ ಕೆಲಸ ಸವಾರನದು. ಅದರ ಮೇಲೆ ಟೂ-ಸ್ಟ್ರೋಕ್ ಇಂಜಿನ್ನು, ಆಕ್ಸಲೇಟರ್ ಬಿಟ್ಟರೂ ಅಷ್ಟಾಗಿ ತಡೆದು ನಿಲ್ಲಿಸುವುದಿಲ್ಲ. ಅದು ಗೊತ್ತಿದ್ದ ನಾನು, ಒದ್ದೆ ರಸ್ತೆಯಲ್ಲಿ, ಹಿಂದೆ ಒಬ್ಬಳನ್ನು ಕೂರಿಸಿಕೊಂಡು, 2011ರಲ್ಲಿ ಏಕೆ ಅಷ್ಟು ಜೋರಾಗಿ ಬಂದೆ? ಒಂಟೆಯದೇನು ತಪ್ಪು? ರಸ್ತೆ ಪಕ್ಕ ನಿಲ್ಲಿಸಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಅಷ್ಟರಲ್ಲಿ ಫೋನು. “ಅಪ್ಪಾ, ನಿಮ್ಮ ಗಾಡಿ ನಿಂತ್ಹೋಯ್ತು.”

ಹಿಂದಕ್ಕೆ ಹೋಗಿ ನೋಡಿದರೆ ಅವನು ಮರದ ಕೆಳಗೆ ನಿಂತಿದ್ದ. ಬೆಳಿಗ್ಗೆ ನಾನೇ ಆಯಿಲ್ ಒಂದು ಮುಚ್ಚಳ ಜಾಸ್ತಿ ಹಾಕಿದ್ದೆ, ಪ್ಲಗ್ಗು ಕಪ್ಪು ಕಟ್ಟಿತ್ತು. ನಾನು ಕೈ ಹಚ್ಚಲಿಲ್ಲ, ಹೇಳುತ್ತಾ ಹೋದೆ. ಅವನೇ ಡಬ್ಬಿ ತೆರೆದ, ಸ್ಪ್ಯಾನರ್ ಹಾಕಿ ಪ್ಲಗ್ಗು ಬಿಚ್ಚಿದ, ಉಪ್ಪುಕಾಗದದಿಂದ ಉಜ್ಜಿದ, ಇಂಜಿನ್ನಿಗೆ ತಾಗಿಸಿ ಹಿಡಿದ. ನಾನು ಒದ್ದೆ. ಸಣ್ಣ ನೀಲಿ ಕಿಡಿ ಹಾರಿತು. “ಕಾಣ್ತು!” ಅಂತ ಕೂಗಿದ, ಮೂರು ವರ್ಷದ ಹುಡುಗನ ಹಾಗೆ. ಇಂಜಿನಿಯರಿಂಗ್ ಓದಿದವನು, ಇಂಜಿನ್ನೊಳಗಿನ ಕಿಡಿಯನ್ನು ಕಣ್ಣಾರೆ ಕಂಡದ್ದು ಅದೇ ಮೊದಲಂತೆ. ಅವನ ಗಾಡಿಯಲ್ಲಿ ಏನೇ ಆದರೂ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕು. ಆದರೆ ಅದು ಹೀಗೆ ರಸ್ತೆಯಲ್ಲಿ ನಿಂತದ್ದೂ ಇಲ್ಲ, ಅದನ್ನೂ ಹೇಳಬೇಕು.

ವಡೋದರಾದಲ್ಲಿ ಸೇವ್ ಉಸಳ್ ತಿಂದು, ಸಂಜೆಗೆ ಮನೆ ಸೇರಿದೆವು. ಕೈಕಾಲು ತೊಳೆದು ಬಂದವನೇ ನಮ್ಮನೆಯವಳಿಗೆ ಎಮ್ಮೆಯ ಕತೆ ಹೇಳಿದೆ. ಕೊನೆಗೆ, “ಅವತ್ತು ತಪ್ಪು ನನ್ನದೇ ಕಣೇ” ಅಂದೆ. ಅವಳು ಚಪಾತಿ ಲಟ್ಟಿಸುತ್ತಲೇ ಇದ್ದಳು. “ಅಂತೂ ಹನ್ನೊಂದು ವರ್ಷಕ್ಕೆ ಒಪ್ಕೊಂಡ್ರಿ” ಅಂದಳು.

ಹಾಗಂತ ಯೆಜ್ಡಿಯನ್ನು ಮಾರಲಿಲ್ಲ. ಮಳೆಯಲ್ಲಿ ತೆಗೆಯುವುದಿಲ್ಲ, ಹಿಂದೆ ಯಾರನ್ನೂ ಕೂರಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬನೇ ಸ್ಟೇಡಿಯಂ ಕಡೆ ಒಂದು ಸುತ್ತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲೇ ಹೊಸ ಗಾಡಿಗಳು ಬಂದಿವೆ, ಫೋರ್-ಸ್ಟ್ರೋಕ್, 334 ಸಿಸಿ, ಎಬಿಎಸ್ಸೂ ಉಂಟು. ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅದೂ ನನ್ನ ಹಾಗೇ, ಹೆಸರು ಊರಿನದು, ಅನ್ನ ಬೇರೆ ಕಡೆ.

ಹಳೆಯದೇ ಚೆನ್ನ ಅಂತ ಈಗ ಯಾರ ಹತ್ತಿರವೂ ವಾದಿಸುವುದಿಲ್ಲ. ಮಗ 2023ರಲ್ಲಿ ಕೆಲಸಕ್ಕೆ ಅಂತ ಪುಣೆಗೆ ಹೋದ, ಆರ್15 ಜೊತೆಗೆ. ಅಲ್ಲಿಯ ಮಳೆಯಲ್ಲಿ, ಘಾಟಿಯಲ್ಲಿ ಅವನು ಓಡಿಸುವುದು ಆ ಟಕಟಕ ಮಿಡಿಯುವ ಬ್ರೇಕಿನ ಗಾಡಿ ಅಂತ ನೆನೆದರೆ ನನಗೆ ನಿದ್ದೆ ಬರುತ್ತದೆ.

ಭಾನುವಾರ ಫೋನು ಮಾಡುತ್ತೇನೆ. ಊಟ ಆಯ್ತಾ, ಆಫೀಸು ಹೇಗೆ, ಅಂತೆಲ್ಲ ಕೇಳಬೇಕು ಅಂದುಕೊಂಡೇ ಮಾಡುತ್ತೇನೆ. ಅವನು “ಹಲೋ” ಅಂದ ತಕ್ಷಣ ಬಾಯಿಗೆ ಬರುವುದು ಮಾತ್ರ ಒಂದೇ ಮಾತು.

“ಗಾಡಿ ಹೇಗಿದೆಯೋ?”

“ಚೆನ್ನಾಗಿದೆ ಅಪ್ಪಾ” ಅನ್ನುತ್ತಾನೆ. ಆಮೇಲೆ ಒಂದು ಕ್ಷಣ ಬಿಟ್ಟು, “ನಿಮ್ಮದು?”