ಗಾಳಿ ದಿನ ಪಲ್ಲಕ್ಕಿಗುಂಡಿನ ಮೇಲೆ

ಆಷಾಢ ಬಂತೆಂದರೆ ಭಾಗ್ಯನಗರದ ಓಣಿಗಳಲ್ಲಿ ಮಗ್ಗದ ಸದ್ದಿಗಿಂತ ಗಾಳಿಯ ಸದ್ದೇ ಜೋರು. ಒಣಹಾಕಿದ ಅಂಗಿ ಪಕ್ಕದ ಮನೆ ಮಾಳಿಗೆ ಸೇರಿರುತ್ತದೆ. ಇಂಥ ದಿನ ಬೆಟ್ಟ ಹತ್ತುವುದೇ ಚೆಂದ. ಅದಕ್ಕೆ ದೂರ ಹೋಗಬೇಕಿಲ್ಲ. ರೈಲು ಹಳಿ ದಾಟಿದರೆ ಕೊಪ್ಪಳ, ಕೊಪ್ಪಳದ ಮಗ್ಗುಲಲ್ಲೇ ಪಲ್ಲಕ್ಕಿಗುಂಡು.

ಈ ಗಾಳಿ ಬರುವುದು ಎಲ್ಲಿಂದ ಗೊತ್ತೇ ಮಕ್ಕಳೇ? ಬೇಸಗೆಯಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಕಡಲ ಗಾಳಿ ನುಗ್ಗುತ್ತದೆ. ಅದು ತಂದ ನೀರಿನ ಬಹುಪಾಲು ಸಹ್ಯಾದ್ರಿಯಲ್ಲೇ ಮಳೆಯಾಗಿ ಸುರಿದುಹೋಗುತ್ತದೆ. ನಮ್ಮ ಕೊಪ್ಪಳಕ್ಕೆ ಹೆಚ್ಚಾಗಿ ಉಳಿಯುವುದು ಬರೀ ಗಾಳಿ!

ಬೆಟ್ಟ ಎತ್ತರವಲ್ಲ. ಬಂಡೆಗಳ ನಡುವೆ ನಿಧಾನಕ್ಕೆ ಹತ್ತಿದರೆ ಸಾಕು. ಮೇಲೆ ಹೋದಂತೆ ಗಾಳಿಗೆ ಅಡ್ಡ ನಿಲ್ಲುವ ಮನೆ, ಮರಗಳಿಲ್ಲ. ಅದಕ್ಕೇ ಅಲ್ಲಿ ರಭಸ ಹೆಚ್ಚು.

“ಮಾಮಾ, ಗಾಳಿ ನನ್ನ ದೂಡಾಕತ್ತೈತಿ!” ಎಂದು ಅಕ್ಕನ ಮಗ ಕೂಗಿದ.

“ಬಗ್ಗಿ ನಡಿಯಪ್ಪಾ, ಅಂಚಿಗೆ ಹೋಗಬ್ಯಾಡ” ಎಂದೆ.

ಮೇಲೆ ಬಂಡೆಗಳ ಮೇಲೊಂದು ಹಾಸುಬಂಡೆ, ಥೇಟ್ ಪಲ್ಲಕ್ಕಿಯಂತೆ! ಹೆಸರು ಬಂದದ್ದೇ ಅದರಿಂದ. ಇಲ್ಲಿ ಸಾಮ್ರಾಟ ಅಶೋಕನ ಶಾಸನವಿದೆ. 2,200 ವರ್ಷಗಳಿಗೂ ಹಳೆಯದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಇದೂ ಗವಿಮಠದ ಬೆಟ್ಟದ ಇನ್ನೊಂದು ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ್ದು ಚೆನ್ನಾಗಿ ಉಳಿದಿದೆ. ಪಲ್ಲಕ್ಕಿಗುಂಡಿನದು ಬಹಳ ಸವೆದುಹೋಗಿದೆ. ಅಲ್ಲಲ್ಲಿ ಕೆಲವು ಅಕ್ಷರಗಳಷ್ಟೇ ಓದಲು ಸಿಗುತ್ತವೆ.

ಅದರಲ್ಲಿ ಏನಿದೆ? ಮನಸ್ಸಿಟ್ಟು ಪ್ರಯತ್ನಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಪಡೆಯಬಹುದು ಎಂಬ ಮಾತಿದೆ. ಅಕ್ಕನ ಮಗನಿಗೆ ಈ ಮಾತು ಬಹಳ ಹಿಡಿಸಿತು.

ಇದೇ ಬೆಟ್ಟದಲ್ಲಿ ಕಲ್ಲಲ್ಲಿ ಕೊರೆದ ಜೋಡಿ ಪಾದಗಳಿವೆ. ಪಕ್ಕದಲ್ಲಿ ಪುಟ್ಟ ಹಳಗನ್ನಡ ಶಾಸನ. ಸಂಸ್ಕೃತದಲ್ಲಿ ‘ವರಾಂಗಚರಿತೆ’ ಬರೆದ ಜೈನ ಆಚಾರ್ಯ ಜಟಾಸಿಂಹನಂದಿಯವರ ಪಾದಗಳನ್ನು ಚಾವಯ್ಯ ಎಂಬಾತ ಮಾಡಿಸಿದನೆಂದು ಅದು ಹೇಳುತ್ತದೆ. ಆಗ ಕೊಪ್ಪಳಕ್ಕೆ ಕೊಪಣವೆಂದು ಹೆಸರು. ಜೈನರ ದೊಡ್ಡ ತೀರ್ಥ. ‘ಕವಿರಾಜಮಾರ್ಗ’ದಲ್ಲೂ ಈ ಊರಿನ ಹೆಸರಿದೆ.

ಹೋಗುವವರು ನೆನಪಿಡಿ: ಬೆಳಗ್ಗೆಯೇ ಹೊರಡಿ. ನೀರು, ರೊಟ್ಟಿ, ಶೇಂಗಾ ಚಟ್ನಿ ಇರಲಿ. ಟೋಪಿಗೆ ದಾರ ಕಟ್ಟಿಕೊಳ್ಳಿ. ಹನಿ ಬಿದ್ದರೆ ಬಂಡೆ ಜಾರುತ್ತದೆ, ಗುಡುಗಿದರೆ ತಡಮಾಡದೆ ಇಳಿದುಬಿಡಿ.

ಇನ್ನೊಂದು ಮಾತು. ಬಂಡೆ ಕಂಡರೆ ಕೆಲವರಿಗೆ ಹೆಸರು ಗೀಚುವ ಚಟ. ಗಾಳಿ, ಮಳೆ, ಬಿಸಿಲು ಈ ಅಕ್ಷರಗಳನ್ನು ಸವೆಸಲು ಸಾವಿರಾರು ವರ್ಷ ತೆಗೆದುಕೊಂಡಿವೆ. ಒಂದು ಮೊಳೆ ಆ ಕೆಲಸವನ್ನು ಒಂದೇ ನಿಮಿಷದಲ್ಲಿ ಮಾಡಿಬಿಡುತ್ತದೆ. ಗಾಳಿಯನ್ನು ನಾವು ತಡೆಯಲಾರೆವು. ಮೊಳೆ ಹಿಡಿದ ಕೈಯನ್ನು ತಡೆಯಬಹುದು. ಅದಕ್ಕೆ ದೊಡ್ಡವರೇ ಆಗಬೇಕೆಂದಿಲ್ಲ.