2022ಕ್ಕೆ ಓಡಿಹೋಗುವ ಕಂಪ್ಯೂಟರು

ಪರದೆಯ ಮೂಲೆಯಲ್ಲಿ 2022ರ ಜನವರಿ 1, ಬೆಳಗಿನ 5:41. ಹೊರಗೆ ಚನ್ನಪಟ್ಟಣದ ಮಟಮಟ ಮಧ್ಯಾಹ್ನ. ಪಕ್ಕದ ಕೋಣೆಯಲ್ಲಿ ಲೇತ್ ತಿರುಗುತ್ತಿದೆ. ಆಲೆ ಮರದ ತುಂಡಿಗೆ ಒತ್ತಿದ ಕೆಂಪು ಅರಗು ಬಿಸಿಗೆ ಕರಗಿ ಮೆತ್ತಿಕೊಳ್ಳುವ ವಾಸನೆ ಈ ಮೇಜಿನವರೆಗೂ ಬರುತ್ತದೆ.

"ಬೆಳಗ್ಗೆಯಿಂದ ಬ್ಯಾಂಕ್ ಪೇಜು ಓಪನ್ನೇ ಆಗ್ತಿಲ್ಲ," ಅಂತಾರೆ ಗೊಂಬೆ ಅಂಗಡಿಯ ಅಮ್ಮ. ಆಗೋದಾದರೂ ಹೇಗೆ? ಈ ಕಂಪ್ಯೂಟರಿನ ಲೆಕ್ಕದಲ್ಲಿ ಬ್ಯಾಂಕಿನ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ.

ಡಬ್ಬ ಬಿಚ್ಚುತ್ತೇನೆ. ನಾಣ್ಯದಂಥ ಸಿಆರ್ 2032 ಬ್ಯಾಟರಿ, 3 ವೋಲ್ಟಿನದು, ಸತ್ತಿದೆ. ಕರೆಂಟು ಹೋದಾಗಲೆಲ್ಲ ಗಡಿಯಾರ 2022ಕ್ಕೆ ಓಡಿಹೋಗುತ್ತದೆ. ಹೊಸದು ಹಾಕಿದೆ. ಅಷ್ಟಕ್ಕೇ ಬಿಡುವಂತಿಲ್ಲ, ಸೆಕೆಂಡಿಗೆ 32,768 ಸಲ ಕಂಪಿಸುವ ಗಡಿಯಾರದ ಹರಳು ಬಿಸಿಲು ಚಳಿಗೆ ಲಯ ತಪ್ಪುವಂಥದ್ದೇ.

ಲಿನಕ್ಸ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್' ಒತ್ತಿದರೆ, ಎನ್‌ಟಿಪಿ ಸರ್ವಿಸ್: ಇನ್‌ಆಕ್ಟಿವ್. ನೆಟ್‌ನಿಂದ ಟೈಮು ತರುವ ಸೇವೆಯನ್ನೇ ಯಾರೋ ಯಾವತ್ತೋ ಆರಿಸಿಟ್ಟಿದ್ದಾರೆ. ಇಂಟರ್ನೆಟ್ ಬಂದು ಹೋಗುವ ಇಂಥ ಕಡೆ ನನ್ನ ನೆಚ್ಚು ಕ್ರೋನಿ. ಇನ್‌ಸ್ಟಾಲ್ ಕೊಟ್ಟೆ. ಆಗಲಿಲ್ಲ: ತರಬೇಕಾದ ಕಡತ 'ಇನ್ನೂ ಜಾರಿಗೆ ಬಂದಿಲ್ಲ'ವಂತೆ! ಟೈಮು ಸರಿಮಾಡೋ ಸಾಧನ ತರಿಸಲಿಕ್ಕೇ ಟೈಮು ಸರಿಯಿರಬೇಕು. ಮೊಬೈಲ್ ನೋಡಿ ಕೈಯಾರೆ ತಾರೀಖು ತುಂಬಿದೆ. ಈಗ ಇಳಿಯಿತು.

ಕ್ರೋನಿಯ ಕಾನ್ಫಿಗ್ ಫೈಲಿನಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್ ಸೇರಿಸುತ್ತೇನೆ. ನಮ್ಮ ಐಎಸ್‌ಟಿಯನ್ನು ಪರಮಾಣು ಗಡಿಯಾರಗಳಲ್ಲಿ ಕಾಯುವವರು ಅವರೇ. (ಸೂರ್ಯನನ್ನೇ ನಂಬಿದ್ದರೆ ಚನ್ನಪಟ್ಟಣ ಐಎಸ್‌ಟಿಗಿಂತ ಸುಮಾರು 21 ನಿಮಿಷ ಹಿಂದೆ.) ಕೆಳಗೆ 'ಮೇಕ್‌ಸ್ಟೆಪ್ 1 3' ಎಂಬ ಸಾಲು ಮೊದಲೇ ಇದೆ: ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದ್ದರೆ ಮೊದಲ ಮೂರು ಸಲ ಮಾತ್ರ ನೆಗೆದು ಸರಿಹೋಗು, ಆಮೇಲೆ ನೆಗೆತ ಇಲ್ಲ, ಗಡಿಯಾರವನ್ನು ತುಸುವೇ ಬೇಗ ಅಥವಾ ತುಸುವೇ ನಿಧಾನ ಓಡಿಸಿ ಹದಕ್ಕೆ ತರಬೇಕು. ಬಿಲ್ಲು ಬರೆಯುವ ಯಂತ್ರದಲ್ಲಿ ಕಾಲ ಹಿಂದಕ್ಕೆ ಜಿಗಿದರೆ ಲೆಕ್ಕ ಕೆಟ್ಟಂತೆಯೇ.

ರೀಸ್ಟಾರ್ಟ್. ಯುಡಿಪಿ 123ರ ದಾರಿಯಲ್ಲಿ ಪ್ರಶ್ನೆ ಹೊರಟಿತು. ಉತ್ತರ ಬಂದಾಗ, ಹೋಗಿಬರಲು ಹಿಡಿದ ಹೊತ್ತಿನ ಅರ್ಧವನ್ನು ಕ್ರೋನಿ ಲೆಕ್ಕಕ್ಕೆ ಹಿಡಿಯುತ್ತದೆ. 'ಕ್ರೋನಿಸಿ ಸೋರ್ಸಸ್' ಒತ್ತುತ್ತೇನೆ. ಸಾಲಿನ ಮುಂದೆ ಪ್ರಶ್ನೆ ಚಿಹ್ನೆ. ಲೇತ್ ನಿಂತಿದೆ. ಇನ್ನೊಮ್ಮೆ ಒತ್ತಿದೆ: ನಕ್ಷತ್ರ ಚಿಹ್ನೆ ಬಂತು, ಸರ್ವರನ್ನು ಹಿಡಿದುಕೊಂಡಿದೆ.

ಬ್ಯಾಂಕ್ ಪುಟ ತೆರೆಯಿತು. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿದೆ ಅಂದೆ.

"ಅದನ್ನ ಮುಟ್ಟಬೇಡಿ. ರೈಲು ಹಿಡಿಯೋಕೆ ನಾನೇ ಇಟ್ಟಿರೋದು."