ಸೀಮೆಎಣ್ಣೆ ವಾಸನೆ ಕಣೋ!

"ಕಾರಲ್ಲಿ ಸೀಮೆಎಣ್ಣೆ ವಾಸನೆ ಬರ್ತಿದೆ ಕಣೋ" ಅಂತ ಮೊದಲು ಹೇಳಿದ್ದು ಅಮ್ಮ. ಹಿಂದಿನ ಸೀಟಲ್ಲಿ ಕೂತು, ಸೆರಗು ಮೂಗಿಗೆ ಹಿಡ್ಕೊಂಡು. ನಾನು ನಕ್ಕುಬಿಟ್ಟೆ. ಪೆಟ್ರೋಲ್ ಕಾರಲ್ಲಿ ಸೀಮೆಎಣ್ಣೆ ಎಲ್ಲಿಂದ ಬರಬೇಕು? ಅಮ್ಮನಿಗೆ ಮೊದಲಿಂದಲೂ ಕಾರು ಅಂದ್ರೆ ತಲೆಸುತ್ತು. ಕೈಯಲ್ಲೊಂದು ನಿಂಬೆಹಣ್ಣು ಇಲ್ಲದೆ ಬನಶಂಕರಿಯಿಂದ ಮಲ್ಲೇಶ್ವರಕ್ಕೂ ಹೊರಡೋಳಲ್ಲ. "ನಿಂಬೆಹಣ್ಣು ಮೂಸ್ತಾ ಇರಮ್ಮ, ಸರಿಹೋಗತ್ತೆ" ಅಂದು ಗೇರ್ ಹಾಕಿದೆ.

ಅದಕ್ಕೆ ಒಂದು ವಾರದ ಹಿಂದಷ್ಟೇ ಕಾರಿಗೆ ಹೊಸ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಸಿದ್ದೆ. ನಮ್ಮದು 2012ರ ಮಾಡೆಲ್. ಹಳೇ ಕನ್ವರ್ಟರಿನ ಒಳಗಿನ ಪಿಂಗಾಣಿ ಒಡೆದು ಮಗುವಿನ ಗಿಲಕಿ ಥರ ಗಲಗಲ ಅಂತಿತ್ತು, ಏರು ಹತ್ತುವಾಗ ಗಾಡಿ ಏದುಸಿರು ಬಿಡ್ತಿತ್ತು. ಒರಿಜಿನಲ್ ಪಾರ್ಟಿನ ಬೆಲೆ ಕೇಳಿ ಏದುಸಿರು ಬಿಡೋ ಸರದಿ ನಂದಾಯ್ತು. ಗ್ಯಾರೇಜಿನವರು "ಹೈ ಫ್ಲೋ ಹಾಕ್ಸಿ ಸಾರ್, ಅರ್ಧ ದುಡ್ಡೂ ಆಗಲ್ಲ, ಆಮೇಲೆ ಪಿಕಪ್ ನೋಡಿ" ಅಂದ್ರು. ಪಿಕಪ್ ಅನ್ನೋ ಮಾತಿಗೆ ಸೋಲದ ಗಂಡಸು ಯಾರಿದ್ದಾನೆ ಹೇಳಿ!

ಈ ಕನ್ವರ್ಟರ್ ಅಂದ್ರೆ ಜೇನುಗೂಡಿನಂಥ ಒಂದು ವಸ್ತು. ಸಣ್ಣ ಸಣ್ಣ ತೂತುಗಳು, ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳು ಇಲ್ಲಿ ಹಾದು ಹೋಗುವಾಗ ಅಷ್ಟೇನೂ ಕೆಟ್ಟದ್ದಲ್ಲದ ಅನಿಲಗಳಾಗಿ ಬದಲಾಗ್ತವೆ. ಕಂಪನಿಯಿಂದ ಬಂದ ಕನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ಅಥವಾ 600 ತೂತು. ಹೈ ಫ್ಲೋದಲ್ಲಿ ಸುಮಾರು 200. ಹೊಗೆ ಸರಾಗವಾಗಿ ಹೋಗತ್ತೆ ನಿಜ, ಆದ್ರೆ ಅದನ್ನು ಶುದ್ಧ ಮಾಡೋ ಗೋಡೆಯೂ ಕಮ್ಮಿ ಆಯ್ತಲ್ಲ!

ಎರಡನೇ ವಾರದ ಹೊತ್ತಿಗೆ ನನಗೂ ವಾಸನೆ ಬರೋಕೆ ಶುರುವಾಯ್ತು. ಗಾಡಿ ಓಡ್ತಿದ್ರೆ ಏನೂ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ್ರೆ ಸಾಕು, ಎಸಿಯಿಂದಲೇ ಘಾಟು. ಗ್ಯಾರೇಜಲ್ಲಿ "ಹೊಸದಲ್ವಾ ಸಾರ್, ಸೆಟ್ ಆಗತ್ತೆ" ಅಂದ್ರು. ಹೊಸ ಪೈಪಿಗೆ ಹತ್ತಿದ ಎಣ್ಣೆ ಸುಡೋ ವಾಸನೆ ಒಂದೆರಡು ದಿನ ಇರೋದು ಸಹಜ. ಎರಡು ವಾರ ಅಲ್ಲ. ಅಷ್ಟರಲ್ಲಿ ಅಮ್ಮ "ನೀವು ಹೋಗ್ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಅನ್ನೋಕೆ ಶುರು ಮಾಡಿದ್ಲು. ನನ್ನ ಹೆಂಡತಿ ಒಂದು ಸಂಜೆ ಸುಮ್ಮನೆ ಅಂದಳು: "ಕಾರಲ್ಲಿ ಕೂತ್ರೆ ತಲೆನೋವು, ಇಳಿದು ಅರ್ಧ ಗಂಟೆಗೆ ಹೋಗತ್ತೆ. ನಿಮಗೂ ಹಾಗೇನಾ?"

ಆಗ ಎದೆ ಧಸಕ್ಕೆಂದಿತು. ನನಗೂ ಹಾಗೇ ಆಗ್ತಿತ್ತು! ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳತ್ತೆ. ಮೊದಲ ಲಕ್ಷಣವೇ ತಲೆನೋವು, ತಲೆಸುತ್ತು, ವಾಕರಿಕೆ. ನಾನು ಅಮ್ಮನ ಕೈಗೆ ನಿಂಬೆಹಣ್ಣು ಕೊಟ್ಟು ಕೂರಿಸಿದ್ದೆ...

ಮರುದಿನ ಬೇರೆ ಮೆಕ್ಯಾನಿಕ್ ಹತ್ರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡ್ಸಿ, ಹುಡುಗನ ಕೈಲಿ ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆಯನ್ನು ನಾಕೇ ಸೆಕೆಂಡು ಒತ್ತಿಸಿ, ಜಾಯಿಂಟುಗಳ ಮೇಲೆಲ್ಲ ಸೋಪಿನ ನೀರು ಚಿಮುಕಿಸಿದ್ರು. ಕನ್ವರ್ಟರಿಗೂ ಮೊದಲು ಬರೋ ಫ್ಲಾಂಜಿನ ಹತ್ರ ಬುರುಬುರು ನೊರೆ! ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ರು, ಫ್ಲಾಂಜೂ ಸರಿಯಾಗಿ ಕೂತಿರಲಿಲ್ಲ.

ಅಲ್ಲಿ ಸೋರ್ತಿದ್ದದ್ದು ಶುದ್ಧವೇ ಆಗದ ಹೊಗೆ. ಗಾಡಿ ನಿಂತಾಗ ಬಾನೆಟ್ಟಿನೊಳಗೆ ತುಂಬಿಕೊಂಡು, ಗಾಜಿನ ಬುಡದಲ್ಲಿ ಹೊರಗಿನ ಗಾಳಿ ಒಳಗೆಳೆಯೋ ಕಿಂಡಿಯಿಂದ ನೇರ ನಮ್ಮ ಮುಖಕ್ಕೆ. ಇನ್ನೊಂದು ತಮಾಷೆ ಅಂದ್ರೆ ಅದೇ ಸಂದಿಯಿಂದ ಹೊರಗಿನ ಗಾಳಿಯೂ ಒಳಗೆ ಹೋಗ್ತಿತ್ತು. ಆಕ್ಸಿಜನ್ ಸೆನ್ಸರ್ ಮೋಸಹೋಗಿ "ಪೆಟ್ರೋಲ್ ಸಾಲ್ತಿಲ್ಲ" ಅಂತ ವರದಿ ಕೊಡೋದು, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯೋದು, ಹೊಗೆ ಇನ್ನಷ್ಟು ಕೆಡೋದು. ಅಮ್ಮ ಹೇಳಿದ್ದೇ ಸರಿ, ಹೆಸರು ಮಾತ್ರ ಬೇರೆ.

ಹೊಸ ಗ್ಯಾಸ್ಕೆಟ್, ಫ್ಲಾಂಜ್ ರಿಪೇರಿ. ವಾಸನೆ ಮಾಯ, ತಲೆನೋವೂ ಮಾಯ. ಎಮಿಷನ್ ಟೆಸ್ಟಿನಲ್ಲೂ ಪಾಸ್. ನಮ್ಮ ಬಿಎಸ್-4 ಗಾಡಿಗೆ ಐಡಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.3 ದಾಟಬಾರದು, ದಾಟಿರಲಿಲ್ಲ. ಗೆದ್ದೆ ಅಂದುಕೊಂಡೆ.

ಆ ಭಾನುವಾರ ಬೇಸ್‌ಮೆಂಟಿನಲ್ಲಿ ಗಾಡಿ ಒರೆಸ್ತಾ ಇದನ್ನೆಲ್ಲ ನಮ್ಮ ವಾಚ್‌ಮನ್ನಿಗೆ ವರ್ಣಿಸ್ತಿದ್ದೆ. ರಾಯಚೂರು ಕಡೆಯವರು. ಅವರ ಒಂದು ಕೋಣೆಯ ಮನೆ ಇರೋದು ನನ್ನ ಪಾರ್ಕಿಂಗಿನ ಎದುರಿಗೇ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದ್ರು: "ಹೌದೇನ್ರೀ ಸರ? ಹೊಸಾದು ಹಾಕ್ಸಿದಾಗಿಂದ ಮುಂಜಾನೆ ಭಾಳ ಘಾಟ ಬರ್ತೈತ್ರಿ. ಮೊಮ್ಮಗ ಕೆಮ್ತಾನ. ನೀವು ಗಾಡಿ ಚಾಲೂ ಮಾಡಿದ ಕೂಡ್ಲೇ ಬಾಗಿಲಾ ಹಾಕ್ಕೋತೀವ್ರಿ."

ಗ್ಯಾಸ್ಕೆಟ್ ಹಾಕಿಸಿದ ಮೇಲೂ ಬರತ್ತಾ ಅಂತ ಕೇಳಿದೆ. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಬರದೇ ಏನು? ಕನ್ವರ್ಟರ್ ಸುಮಾರು 250-300 ಡಿಗ್ರಿ ಕಾದ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡೋದು. ಎಮಿಷನ್ ಟೆಸ್ಟ್ ಮಾಡೋದೂ ಇಂಜಿನ್ ಬಿಸಿಯಾದ ಮೇಲೇ. ಹಳೇದು ಇಂಜಿನ್ನಿಗೆ ಅಂಟಿಕೊಂಡೇ ಇತ್ತು, ಬೇಗ ಕಾಯ್ತಿತ್ತು. ಇದನ್ನು ಜಾಗ ಸಾಲದೆ ಹಿಂದಕ್ಕೆ ಕೂರಿಸಿದ್ರು, ಕಾಯೋದು ತಡ. ನಾನೋ, ಅಪ್ಪ ಕಾರ್ಬುರೇಟರ್ ಕಾಲದಲ್ಲಿ ಕಲಿಸಿದ ಹಾಗೆ ದಿನಾ ಬೆಳಿಗ್ಗೆ ಐದು ನಿಮಿಷ ಬೇಸ್‌ಮೆಂಟಿನಲ್ಲೇ ಇಂಜಿನ್ ಬಿಸಿ ಮಾಡ್ತಾ ಮೊಬೈಲ್ ನೋಡ್ತಿದ್ದೆ. ನನ್ನ ಮೂಗಿಗೆ ಬಂದದ್ದು ಮಾತ್ರ ಸಮಸ್ಯೆ, ಸೈಲೆನ್ಸರಿನಿಂದ ಹೋದದ್ದು ನಂದಲ್ಲ!

ಮುಂದಿನ ತಿಂಗಳು ಸಾಲ ಮಾಡಿ ಅಲ್ಲದಿದ್ರೂ ಹಲ್ಲು ಕಚ್ಚಿಕೊಂಡು ಒರಿಜಿನಲ್ ಹಾಕಿಸಿದೆ. ಅದರಿಂದ ತಣ್ಣಗಿನ ಹೊಗೆ ಪೂರ್ತಿ ನಿಲ್ಲಲ್ಲ, ಗೊತ್ತು. ಅದಕ್ಕೇ ಈಗ ಬೇಸ್‌ಮೆಂಟಿನಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ನಿಧಾನವಾಗಿ ಹೊರಗೆ ಬಂದುಬಿಡ್ತೀನಿ. ಈಗಿನ ಇಂಜೆಕ್ಷನ್ ಗಾಡಿಗಳಿಗೆ ನಿಲ್ಲಿಸಿ ಬಿಸಿ ಮಾಡೋ ಅಗತ್ಯವೇ ಇಲ್ಲ.

ಪಿಕಪ್ ಸ್ವಲ್ಪ ಕಮ್ಮಿಯಾಗಿದೆ. ಅಮ್ಮ ಮತ್ತೆ ಹಿಂದಿನ ಸೀಟಿಗೆ ಬಂದಿದ್ದಾಳೆ, ನಿಂಬೆಹಣ್ಣಿನ ಸಮೇತ. ಎದುರಿನ ಬಾಗಿಲು ಬೆಳಿಗ್ಗೆ ತೆರೆದೇ ಇರತ್ತೆ. ದಾಟಿ ಹೋಗುವಾಗ ನಾನಿನ್ನೂ ಆ ಕಡೆ ಸರಿಯಾಗಿ ನೋಡೋದಿಲ್ಲ.